ಬಿಸಿಎಂ ಹೋಗಿದೆ ಅಂದ ಕೂಡಲೇ ಬಾಕ್ಸ್ ಕೊಳ್ಳಬೇಡಿ: ಹಳೇ ಲಾರಿ ಇಟ್ಟುಕೊಂಡವರಿಗೆ

ಮುಧೋಳ ಕಡೆಯ ಒಂದು ಹತ್ತು ಚಕ್ರದ ಲಾರಿ, ಬಿಎಸ್-4 ಹೊಗೆ ನಿಯಮದ ಕಾಲದ್ದು. ಸೀಸನ್ನಿನಲ್ಲಿ ಕಬ್ಬು, ಉಳಿದ ದಿನ ಲೋಕಾಪುರದ ಸುಣ್ಣದ ಕಲ್ಲು. ಡಿಸೆಂಬರಿನಲ್ಲಿ ಕಾರ್ಖಾನೆ ಮುಂದೆ ಪಾಳಿ ಹಚ್ಚಿ ನಿಂತಾಗ ಕಾಟ ಶುರುವಾಯಿತು. ಹೆಡ್‌ಲೈಟ್ ಹಾಕಿದರೆ ವೈಪರ್ ತಾನಾಗಿಯೇ ಒಂದು ಸುತ್ತು ಹೊಡೆಯುತ್ತದೆ. ಬ್ರೇಕ್ ತುಳಿದರೆ ಎಡಗಡೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಬ್ಲೋವರ್ ಜೋರು ಮಾಡಿದರೆ ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದು ಮತ್ತೆ ಏಳುತ್ತವೆ. ನೋಡಲು ಬಂದ ವೈರಿಂಗ್‌ನವರು ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು: "ಬಿಸಿಎಂ ಹೋಗೇತ್ರಿ ಮಾಲಕ್ರ, ಬ್ಯಾರೆ ಹಾಕಬೇಕು." ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಲೈಟು, ವೈಪರ್‌ಗಳನ್ನು ನಡೆಸುವ ಎಲೆಕ್ಟ್ರಾನಿಕ್ ಬಾಕ್ಸ್.

ಆಮೇಲೆ ಗಾಡಿ ಹನ್ನೊಂದು ದಿನ ನಿಂತಿತು. ಗುಜರಿಯಿಂದ ಒಂದಾದ ಮೇಲೊಂದು ಎರಡು ಬಾಕ್ಸ್ ಬಂದವು, 7,500 ಒಂದಕ್ಕೆ, 9,000 ಇನ್ನೊಂದಕ್ಕೆ. ಎರಡೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಸಿಕ್ಕ ದೋಷ ಕ್ಯಾಬಿನ್ನಿನಲ್ಲಿ ಕ್ಲೀನರ್ ಕಾಲಿಡುವ ಜಾಗದ ಪಕ್ಕದ ಒಂದು ಅರ್ಥ್ ಲಗ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ವೈರನ್ನು ಬೋಲ್ಟಿಗೆ ಹಿಡಿಸುವ ತುದಿ. ಅದನ್ನು ಸರಿಮಾಡಿ ಹಳೇ ಬಾಕ್ಸನ್ನೇ ಮರಳಿ ಕೂರಿಸಿದರೆ ವೈಪರ್, ಮೀಟರಿನ ಕಾಟ ನಿಂತಿತು. ಲಗ್, ವೈರು, ಬೋಲ್ಟು ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ.

ಈ ಬಾಕ್ಸ್ ಏನು ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಮೋಸ ಹೋಗುವುದು ಕಡಿಮೆ. ಹಳೇ ಕಾಲದ ಗಾಡಿಯಲ್ಲಿ ಸ್ವಿಚ್ಚಿನಿಂದಲೇ ಕರೆಂಟ್ ಬಲ್ಬಿಗೆ ಹೋಗುತ್ತಿತ್ತು, ನಡುವೆ ಒಂದು ರಿಲೇ, ಒಂದು ಫ್ಲ್ಯಾಶರ್, ಅಷ್ಟೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಇರುವ ಗಾಡಿಯಲ್ಲಿ ಸ್ವಿಚ್ಚು ಬರೀ ಸುದ್ದಿ ಮುಟ್ಟಿಸುತ್ತದೆ. ಸ್ಟೇರಿಂಗ್ ಕೆಳಗಿನ ಕಡ್ಡಿ ಸ್ವಿಚ್ಚಿನೊಳಗೆ ಹಲವು ಮಾದರಿಗಳಲ್ಲಿ ಬೇರೆ ಬೇರೆ ಬೆಲೆಯ ರೆಸಿಸ್ಟರ್‌ಗಳಿರುತ್ತವೆ. ಕಡ್ಡಿ ಯಾವ ಜಾಗದಲ್ಲಿದೆ ಎಂದು ಬಾಕ್ಸ್ ವೋಲ್ಟೇಜ್ ಅಳೆದು ತಿಳಿಯುತ್ತದೆ. ಅಳೆಯುವುದು ತನ್ನ ಅರ್ಥ್‌ನಿಂದ. ಆ ಅರ್ಥೇ ಎರಡು ವೋಲ್ಟ್ ಮೇಲೆದ್ದು ಕುಳಿತರೆ, ಆಫ್ ಇದ್ದ ವೈಪರ್ ಬಾಕ್ಸಿಗೆ ಆನ್ ಇದ್ದಂತೆ ಕಾಣುತ್ತದೆ. ತಪ್ಪು ಲೆಕ್ಕ ಹಾಕಿದ್ದು ಬಾಕ್ಸೇ ಹೌದು, ಆದರೆ ಅದಕ್ಕೆ ಕೊಟ್ಟ ಅಳತೆಗೋಲೇ ತಪ್ಪು.

ಈ ಲಾರಿಯಲ್ಲಿ ಆದದ್ದು ಅದೇ. ಅರ್ಥ್ ನೋಡಿರಲಿಲ್ಲವೇ ಎಂದರೆ, ನೋಡಿದ್ದರು, ಮಲ್ಟಿಮೀಟರ್ ಓಮ್‌ನಲ್ಲಿಟ್ಟು. 0.5 ತೋರಿಸಿತ್ತು, "ಛಲೋ ಐತಿ" ಎಂದು ಬಿಟ್ಟಿದ್ದರು. ಅಗ್ಗದ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೂ 0.2 ತೋರಿಸುತ್ತದೆ. ಅದನ್ನು ಕಳೆದರೆ ಉಳಿಯುವುದು 0.3 ಓಮ್. ಕೇಳಲು ಏನೂ ಅಲ್ಲ. ವೈಪರ್, ಬ್ಲೋವರ್ ಎಲ್ಲ ಹಾಕಿದಾಗ ಅದೇ ಲಗ್ಗಿನಲ್ಲಿ 8 ಆಂಪ್ ಹರಿದರೆ 8 ಗುಣಿಸು 0.3, ಅಂದರೆ 2.4 ವೋಲ್ಟ್ ಅಲ್ಲೇ ಸಿಕ್ಕಿಹಾಕಿಕೊಂಡಂತೆ. ಓಮ್ ಅಳತೆ ಅರ್ಥ್ ಪರೀಕ್ಷೆಗೆ ಬರುವುದಿಲ್ಲ, ಎಷ್ಟು ಸಲ ಹೇಳಿದರೂ ಗ್ಯಾರೇಜುಗಳಲ್ಲಿ ಅದನ್ನೇ ಮಾಡುತ್ತಾರೆ.

ಸರಿಯಾದ ವಿಧಾನ ಇದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಉದ್ದ ವೈರು ಜೋಡಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು, ವೈರುಗಳನ್ನು ಬಾಕ್ಸಿಗೆ ಜೋಡಿಸುವ ಬಿಸಿಎಂ ಕಪ್ಲರ್‌ನ ಅರ್ಥ್ ಪಿನ್ ಮೇಲೆ, ಕಪ್ಲರ್ ಜೋಡಿಸಿದ್ದಾಗಲೇ, ಹಿಂಬದಿಯಿಂದ. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವನ್ನೂ ಹಾಕಿ. 0.1 ವೋಲ್ಟ್ ಒಳಗೆ ಬಂದರೆ ಅರ್ಥ್ ಚೆನ್ನಾಗಿದೆ. 0.3 ದಾಟಿದರೆ ಬಾಕ್ಸ್ ಬಿಡಿ, ಅರ್ಥ್ ಹುಡುಕಿ. ಪ್ಲಸ್ ಕಡೆಗೂ ಹೀಗೇ: ಬ್ಯಾಟರಿ ಪ್ಲಸ್‌ನಿಂದ ಬಾಕ್ಸಿನ ಸಪ್ಲೈ ಪಿನ್‌ವರೆಗೆ. ಅಲ್ಲಿ ಫ್ಯೂಸು, ಅದರ ಕ್ಲಿಪ್ಪುಗಳೂ ಸೇರುವುದರಿಂದ ಅರ್ಧ ವೋಲ್ಟ್‌ವರೆಗೆ ಸಹಿಸಬಹುದು.

ಹುಡುಕಬೇಕಾದ ಅರ್ಥ್‌ಗಳು ಬಾಕ್ಸಿನ ಹತ್ತಿರದ ಒಂದೇ ಅಲ್ಲ. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಆದ್ದರಿಂದ ಕ್ಯಾಬಿನ್ನಿನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಕ್ಯಾಬಿನ್ ಎತ್ತಿ ಇಳಿಸಿದಾಗಲೆಲ್ಲ ಅದು ಬಾಗಿ ಬಾಗಿ ಎಳೆ ಎಳೆಯಾಗಿ ಹರಿಯುತ್ತದೆ. ಎಂಜಿನ್‌ನಿಂದ ಚಾಸಿಗೆ ಇನ್ನೊಂದು. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂದವಾಗಿ ಉರಿಯುತ್ತಿದ್ದುದು ಬೇರೆಯೇ ದೋಷ, ಹಿಂದಿನ ಎಡ ಲ್ಯಾಂಪಿನ ಅರ್ಥ್ ತುಕ್ಕು ಹಿಡಿದಿತ್ತು. ಬ್ರೇಕ್ ಬಲ್ಬಿನ ಕರೆಂಟ್ ಮರಳಲು ದಾರಿ ಸಿಗದೆ ಇಂಡಿಕೇಟರ್ ಬಲ್ಬಿನ ತಂತಿಯ ಮೂಲಕ ಹಿಮ್ಮುಖವಾಗಿ ಹೋಗುತ್ತಿತ್ತು. ಎರಡು ಸಣ್ಣ ದೋಷ ಒಟ್ಟಿಗೆ ಬಂದದ್ದರಿಂದ ಎಲ್ಲರಿಗೂ ಒಂದು ದೊಡ್ಡ ದೋಷದಂತೆ ಕಂಡಿತು.

ಇನ್ನು ಬ್ಯಾಟರಿ. 24 ವೋಲ್ಟ್ ಗಾಡಿಯಲ್ಲಿ 12ರ ಎರಡು ಬ್ಯಾಟರಿ ಸಾಲಾಗಿ ಇರುತ್ತವೆ. ನಮ್ಮ ಕಡೆ ಟೇಪ್, ಮೊಬೈಲ್ ಚಾರ್ಜರ್ ಹಚ್ಚಲು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವ ಚಾಳಿ ಇದೆ. ಆ ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಎಂಜಿನ್ ಓಡುವಾಗ ಎರಡೂ ಸೇರಿ 28 ವೋಲ್ಟ್ ಸರಿಯಾಗೇ ತೋರಿಸುತ್ತದೆ, ಬೇರೆ ಬೇರೆ ಅಳೆದರೆ ಒಂದರಲ್ಲಿ 12.9, ಇನ್ನೊಂದರಲ್ಲಿ 15.1 ಇರಬಹುದು. ಸೆಲ್ಫ್ ಹೊಡೆದಾಗ ದುರ್ಬಲವಾದದ್ದು ಕುಸಿಯುತ್ತದೆ, ಬಿಸಿಎಂ ರೀಸೆಟ್ ಆಗುತ್ತದೆ, ಮತ್ತೆ ಬಾಕ್ಸಿನ ಮೇಲೆ ಗೂಬೆ. ಪ್ರತಿ ಬ್ಯಾಟರಿಯನ್ನೂ ಬೇರೆಯಾಗಿ ಅಳೆಯಿರಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಪೂರ್ತಿ, 12.2 ಇದ್ದರೆ ಅರ್ಧ. ಟೇಪಿಗೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡೈನಮೋದ ಡಯೋಡ್ ಹೋಗಿರುವ ಅನುಮಾನ. ಮೀಟರು ಕುಣಿಯುವುದಕ್ಕೆ ಅದೂ ಒಂದು ಕಾರಣ.

ಮುಳ್ಳುಗಳು ಬೀಳುವುದಕ್ಕೆ ಕ್ಯಾನ್ ಲೈನೂ ಕಾರಣವಾಗಬಹುದು, ಅಂದರೆ ಗಾಡಿಯ ಬಾಕ್ಸುಗಳು ತಮ್ಮತಮ್ಮಲ್ಲಿ ಸುದ್ದಿ ಕಳಿಸುವ, ಒಂದಕ್ಕೊಂದು ಹೆಣೆದ ಎರಡು ವೈರು. ಲಾರಿಗಳಲ್ಲಿ ಸಾಮಾನ್ಯವಾಗಿ ಇರುವ ದುಂಡನೆಯ ಒಂಬತ್ತು ಪಿನ್ನಿನ, ಸ್ಕ್ಯಾನರ್ ಹಚ್ಚುವ ಜೆ1939 ಸಾಕೆಟ್‌ನಲ್ಲಿ ಅವು ಸಿ ಮತ್ತು ಡಿ, 16 ಪಿನ್ನಿನದಾದರೆ 6 ಮತ್ತು 14. ಬ್ಯಾಟರಿ ಬಿಚ್ಚಿ, ಇವೆರಡರ ನಡುವೆ ಓಮ್ ಅಳೆಯಿರಿ (ಇಲ್ಲಿ ಓಮ್ ನಡೆಯುತ್ತದೆ). 60 ಬರಬೇಕು, ಎರಡು ತುದಿಯಲ್ಲೂ 120ರ ರೆಸಿಸ್ಟರ್ ಇರುವುದರಿಂದ. 120 ಬಂದರೆ ಎಲ್ಲೋ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ವೈರು ಕೂಡಿವೆ. ಕಬ್ಬಿನ ರವದಿ ಸಿಕ್ಕಿಕೊಂಡ ಗಾಡಿಯಲ್ಲಿ ಇಲಿ ಗೂಡು ಕಟ್ಟುವುದು ಹೊಸದೇನಲ್ಲ, ಕ್ಯಾಬಿನ್ ಎತ್ತಿ ಒಮ್ಮೆ ನೋಡಿ.

ಈಗ ಆ ಎರಡು ಗುಜರಿ ಬಾಕ್ಸುಗಳ ವಿಷಯ. ಮೊದಲನೆಯದು ಕಪ್ಲರಿಗೆ ಸರಿಯಾಗಿ ಕೂತಿತು. ಲೈಟೂ ಬಂದವು. ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿನುಗತೊಡಗಿತು. ಇಮ್ಮೊಬಿಲೈಸರ್ (ಬೇರೆ ಕೀಲಿಗೆ ಎಂಜಿನ್ ಹಿಡಿಯಗೊಡದ ಕಳ್ಳತಡೆ) ಬಿಸಿಎಂ ಒಳಗೇ ಇರುವ ಮಾದರಿಗಳಲ್ಲಿ ಹೀಗಾಗುತ್ತದೆ: ಆ ಬಾಕ್ಸಿಗೆ ಬೇರೆ ಗಾಡಿಯ ಚಾಸಿ ನಂಬರ್, ಬೇರೆ ಕೀಲಿ ಗೊತ್ತು, ಎಂಜಿನ್ ನಡೆಸುವ ಬಾಕ್ಸ್ ಇಸಿಎಂ ಅದನ್ನು ನಂಬುವುದಿಲ್ಲ. ಕೆಲವು ಬಾಕ್ಸುಗಳಲ್ಲಿ ಚಾಸಿ ನಂಬರ್ ಒಮ್ಮೆ ಬರೆದರೆ ಮತ್ತೆ ಬದಲಿಸಲು ಬರುವುದೇ ಇಲ್ಲ. ಲೇಬಲ್ಲಿನ ನಂಬರ್ ಕೊನೆಯ ಎರಡು ಅಕ್ಷರ ಬೇರೆ ಇದ್ದವು, "ಅದೇನ್ ನಡೀತದ" ಎಂದು ಮಾರಿದವರು ಹೇಳಿದ್ದರು. ನಡೆಯುವುದಿಲ್ಲ. ಕಪ್ಲರ್ ಒಂದೇ ಇದ್ದು ಒಳಗಿನ ಹಾರ್ಡ್‌ವೇರ್, ಸಾಫ್ಟ್‌ವೇರ್ ಬೇರೆ ಇರುವುದು ಸಾಮಾನ್ಯ. ಸಣ್ಣ ಪಿಕಪ್ಪಿನ 12 ವೋಲ್ಟಿನದೋ ಲಾರಿಯ 24ರದೋ ಎಂದು ಲೇಬಲ್ ಓದದೆ ಕೂರಿಸಿದರೆ ಸುಟ್ಟೇ ಹೋಗಬಹುದು.

ಎರಡನೆಯ ಬಾಕ್ಸನ್ನು ಬಿಚ್ಚಿದಾಗ ಒಳಗೆ ಕೆಸರಿನ ಸಣ್ಣ ಗೆರೆ, ಪಿನ್ನುಗಳ ಬುಡದಲ್ಲಿ ಹಸಿರು ಪುಡಿ. ನೀರು ಕಂಡ ಗಾಡಿಯದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಕಂಡ ಜಿಲ್ಲೆಗಳು ನಮ್ಮವು. ಮುಳುಗಿದ ಗಾಡಿಯ ಬಿಡಿಭಾಗ ತೊಳೆದು ಒರೆಸಿ ಮಾರಾಟಕ್ಕೆ ಬರುವುದು ಯಾರಿಗೂ ಗೊತ್ತಿಲ್ಲದ್ದಲ್ಲ. ಕೊಳ್ಳಲೇಬೇಕಾದರೆ ಮುಚ್ಚಳದ ಸ್ಕ್ರೂ ತಲೆಗೆ ತುಕ್ಕಿದೆಯೇ, ಲೇಬಲ್ ಉಬ್ಬಿದೆಯೇ, ಕಪ್ಲರ್ ಬಾಯಿಯ ಮೂಲೆಯಲ್ಲಿ ಮಣ್ಣಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಹಾಗಿದ್ದ ಬಾಕ್ಸ್ ಮೊದಲ ದಿನ ಕೆಲಸ ಮಾಡಬಹುದು, ಮಳೆಗಾಲದ ತೇವಕ್ಕೆ ಕೈಕೊಡುತ್ತದೆ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳುವುದಿಲ್ಲ ಅನ್ನುವ ಬೋರ್ಡು ಎಲ್ಲ ಅಂಗಡಿಯಲ್ಲೂ ಇರುತ್ತದೆ.

ಇದರ ಮೇಲೆ, ರಿಪೇರಿಯೇ ಒಂದು ಹೊಸ ದೋಷ ಹುಟ್ಟಿಸಿತ್ತು. ಮೀಟರಿನ ದಪ್ಪ ಕಡ್ಡಿಯನ್ನು ಕಪ್ಲರ್‌ನ ಎದುರಿನಿಂದ ತೂರಿಸಿ ಅಳೆದಿದ್ದರಿಂದ ಒಳಗಿನ ಹೆಣ್ಣು ಟರ್ಮಿನಲ್‌ಗಳು ಅಗಲಿದ್ದವು. ಹಳೇ ಬಾಕ್ಸ್ ಮರಳಿ ಹಾಕಿದ ಮೇಲೆ ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಟೇಲ್‌ಲೈಟ್ ಆರುತ್ತಿತ್ತು. ಅಳೆಯುವುದಾದರೆ ಹಿಂಬದಿಯಿಂದ, ತೆಳ್ಳನೆಯ ಸೂಜಿಯಲ್ಲಿ. ಪಿನ್ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಪಾಲಿಶ್ ಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಇನ್ನೂ ಬೇಗ ಹಸಿರಾಗುತ್ತದೆ.

ಎಲ್ಲ ಪರೀಕ್ಷೆ ಮುಗಿದು, ಸಪ್ಲೈ, ಅರ್ಥ್, ಕ್ಯಾನ್ ಮೂರೂ ಸರಿಯಿದ್ದು, ಸ್ವಿಚ್ಚಿನ ಸುದ್ದಿ ಒಳಗೆ ಬರುತ್ತಿರುವುದು ಸ್ಕ್ಯಾನರಿನಲ್ಲಿ ಕಂಡು, ಆದರೂ ಹೊರಗೆ ಕರೆಂಟ್ ಬರದಿದ್ದರೆ ಆಗ ಬಾಕ್ಸ್ ಹೋಗಿದೆ. ಆಗಲೂ ಬಿಚ್ಚುವ ಮುಂಚೆ ಕಂಪನಿ ಮಟ್ಟದ ಸ್ಕ್ಯಾನರ್ ಇರುವವರಿಂದ ಹಳೇ ಬಾಕ್ಸಿನ ಕಾನ್ಫಿಗರೇಶನ್ ಓದಿಸಿ ಉಳಿಸಿಕೊಳ್ಳಿ. ಅರೆಜೀವ ಇರುವಾಗ ಮಾತ್ರ ಇದು ಸಾಧ್ಯ. ಕೀಲಿ ಎಷ್ಟಿದ್ದರೂ ಎಲ್ಲವನ್ನೂ ಒಯ್ಯಿರಿ, ಹೊಸ ಬಾಕ್ಸಿಗೆ ಕಲಿಸುವಾಗ ಮುಂದಿಲ್ಲದ ಕೀಲಿ ಆಮೇಲೆ ಬರೀ ಬಾಗಿಲು ತೆಗೆಯಲು ಉಳಿಯಬಹುದು.

ಬಿಚ್ಚುವಾಗ ಕೀಲಿ ತೆಗೆದ ತಕ್ಷಣ ಬ್ಯಾಟರಿ ಕಟ್ ಮಾಡಬೇಡಿ. ಡಿಇಎಫ್ (ಹೊಗೆ ಶುದ್ಧಮಾಡಲು ಹಾಕುವ ದ್ರವ), ನಮ್ಮವರ ಬಾಯಲ್ಲಿ ಯೂರಿಯಾ, ಇರುವ ಗಾಡಿಯಲ್ಲಿ ಪಂಪು ಕೀಲಿ ತೆಗೆದ ಮೇಲೂ ಪೈಪಿನಲ್ಲಿದ್ದುದನ್ನು ಟ್ಯಾಂಕಿಗೆ ಎಳೆದುಕೊಳ್ಳುತ್ತದೆ, ಅದು ನಿಲ್ಲುವ ತನಕ ಕೆಲವು ನಿಮಿಷ ಕಾಯಿರಿ. ಆಮೇಲೆ ಮೈನಸ್ ಮೊದಲು, ಪ್ಲಸ್ ಆಮೇಲೆ. ಬಾಕ್ಸ್ ಮುಟ್ಟುವ ಮುಂಚೆ ಕ್ಯಾಬಿನ್ನಿನ ಬಣ್ಣವಿಲ್ಲದ ಕಬ್ಬಿಣ ಒಮ್ಮೆ ಮುಟ್ಟಿ. ಕಪ್ಲರ್ ಲಾಕ್ ಎತ್ತಿ ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಜೋಡಿಸುವಾಗ ಕಪ್ಲರ್‌ಗಳೆಲ್ಲ ಕೂತ ಮೇಲೆ ಬ್ಯಾಟರಿ, ಪ್ಲಸ್ ಮೊದಲು. ಪ್ರೋಗ್ರಾಂ ಬರೆಯುವಾಗ ವೋಲ್ಟೇಜ್ ಬಿದ್ದರೆ ಹೊಸ ಬಾಕ್ಸ್ ಅರ್ಧದಲ್ಲೇ ಸಾಯುತ್ತದೆ. ಸ್ಥಿರವಾಗಿ ವೋಲ್ಟೇಜ್ ಕೊಡುವ 24 ವೋಲ್ಟ್ ಸಪ್ಲೈ ಹಚ್ಚಿಯೇ ಬರೆಯಬೇಕು, ಗ್ಯಾರೇಜಿನ ಹಳೇ ಚಾರ್ಜರಿನಿಂದ ಅಲ್ಲ. ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ.

ಅರ್ಥ್ ಲಗ್ ಸರಿಮಾಡುವುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಬಹಳ ಮಂದಿ ಬೋಲ್ಟ್ ಬಿಗಿಮಾಡಿ ಮುಗಿಯಿತು ಅನ್ನುತ್ತಾರೆ. ವೈರನ್ನು ತಾಮ್ರ ಕೆಂಪಗೆ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ಒಳಗೆ ಕಪ್ಪಗಾಗಿದ್ದರೆ ಇನ್ನೂ ಹಿಂದಕ್ಕೆ. ತವರದ ಲೇಪದ ಹೊಸ ತಾಮ್ರದ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿ, ಸುತ್ತಿಗೆಯಿಂದ ಬಡಿಯಬೇಡಿ. ಲಗ್ ಕೂರುವ ಜಾಗದ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್. ಈ ಲಾರಿಯ ಲಗ್ ಹಾಳಾದದ್ದು ಮುಂದಿನ ಗಾಜಿನ ರಬ್ಬರಿನಿಂದ ಇಳಿದ ನೀರಿಗೆ. ಸುಣ್ಣದ ಕಲ್ಲಿನ ಧೂಳು ಅದರ ಜೊತೆ ಕಲಸಿ ಗಾರೆಯಂತೆ ಮೆತ್ತಿಕೊಂಡಿತ್ತು. ರಬ್ಬರ್ ಬದಲಿಸದೆ ಲಗ್ ಮಾತ್ರ ಬದಲಿಸಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತದೇ.

ನಿಜವಾಗಿ ಬಾಕ್ಸ್ ಸುಡುವುದು ನಮ್ಮಲ್ಲಿ ಹೆಚ್ಚಾಗಿ ಎರಡು ಕಾರಣಕ್ಕೆ. ಸೀಸನ್ ಮುಂಚೆ ಕಬ್ಬಿನ ಬಾಡಿಗೆ ಕೊಕ್ಕೆ, ಸರಳು ವೆಲ್ಡಿಂಗ್ ಮಾಡಿಸುತ್ತಾರೆ, ಬ್ಯಾಟರಿ ಬಿಚ್ಚುವುದಿಲ್ಲ. ಎರಡೂ ಬ್ಯಾಟರಿಯ ವೈರು ಬಿಚ್ಚಿ, ಬಿಸಿಎಂ ಮತ್ತು ಇಸಿಎಂ ಕಪ್ಲರ್ ಎಳೆದಿಟ್ಟು, ವೆಲ್ಡಿಂಗ್‌ನ ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಜಾಗದಿಂದ ಒಂದು ಗೇಣಿನೊಳಗೆ ಕಚ್ಚಿಸಿ. ಇನ್ನೊಂದು, ಸಿಂಗಾರದ ಲೈಟು, ಮ್ಯೂಸಿಕಲ್ ಹಾರ್ನ್‌ಗಳನ್ನು ಟೇಲ್‌ಲೈಟ್ ವೈರಿಗೇ ಕಟ್ಟುವುದು. 24 ವೋಲ್ಟಿನ 10 ವಾಟ್ ಟೇಲ್ ಬಲ್ಬ್ ಎಳೆಯುವುದು ಅರ್ಧ ಆಂಪಿಗಿಂತ ಕಡಿಮೆ, ಬಾಕ್ಸಿನೊಳಗಿನ ಟ್ರಾನ್ಸಿಸ್ಟರ್ ಆ ಲೆಕ್ಕಕ್ಕೇ ಕೂತಿರುತ್ತದೆ. ಹೆಚ್ಚಿನ ಲೈಟಿಗೆ ಬೇರೆ 24 ವೋಲ್ಟ್ ರಿಲೇ ಇಡಿ, ಡಯೋಡ್ ಒಳಗೇ ಇರುವಂಥದ್ದು, ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರಲಿ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ಮೇಲೆ ಪಟಪಟ ಮಿನುಗಿದರೆ ಅದಕ್ಕೂ ಬಾಕ್ಸ್ ಬದಲಿಸಿದವರಿದ್ದಾರೆ. ಕರೆಂಟ್ ಕಡಿಮೆ ಎಳೆಯುವುದರಿಂದ ಬಲ್ಬ್ ಹೋಗಿದೆ ಎಂದು ಬಾಕ್ಸ್ ಸೂಚನೆ ಕೊಡುತ್ತಿದೆ, ಅಷ್ಟೆ. 21 ವಾಟಿನ ಮಾಮೂಲಿ ಬಲ್ಬ್ ಮರಳಿ ಹಾಕಿದರೆ ನಿಲ್ಲುತ್ತದೆ.