ಚರ್ಮದ ಸೀಟು, ತೀರ್ಥಹಳ್ಳಿ ಮಳೆ ಮತ್ತು ಬೂಷ್ಟು: ಹಳೇ ಬಳಕೆದಾರನ ವಿಮರ್ಶೆ

ಮೊದಲೇ ಹೇಳ್ಬಿಡ್ತೀನಿ, ಇದು ಸೈಕಲ್ ವಿಮರ್ಶೆ ಅಲ್ಲ, ಸೀಟಿಂದು. ಅಳತೆ, ತೂಕ, ಯಾವ್ಯಾವ ಬಣ್ಣದಲ್ಲಿ ಸಿಗುತ್ತೆ ಅನ್ನೋದೆಲ್ಲ ಮಾರೋರೇ ಉದ್ದುದ್ದ ಬರ್ಕೊಂಡಿದಾರೆ, ಅಲ್ಲೇ ನೋಡ್ಕೊಳಿ. ಅವರು ಬರೀದೇ ಬಿಟ್ಟಿರೋದು ಒಂದಿದೆ, ಅದಕ್ಕೋಸ್ಕರಾನೇ ನಾನು ಕೂತು ಟೈಪ್ ಮಾಡ್ತಿರೋದು. ಜುಲೈನಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಈ ಸೀಟನ್ನ ಒಂದು ವಾರ ಮುಟ್ಟದೆ ಬಿಟ್ರೆ ಬೂಷ್ಟು ಹಿಡಿಯುತ್ತೆ. ಮೇಲೆ ಅಲ್ಲ, ಅಡಿಗೆ. ಮೇಲಿಂದ ನೋಡಿದ್ರೆ ಫಳಫಳ ಅಂತಿರುತ್ತೆ, ಅಡಿಗೆ ಕೈ ಹಾಕಿ ಸವರಿ ನೋಡಿ, ಬೆರಳಿಗೆಲ್ಲ ಬಿಳಿ ಪುಡಿ.

ಕಂಪನಿ ಹೆಸರು ಹಾಕಲ್ಲ. ಉತ್ತರದ ಕಡೆಯ ಸಣ್ಣ ತಯಾರಕರು, ಪಾಪ ಕೆಲಸ ನೀಟಾಗೇ ಮಾಡಿದಾರೆ, ನನ್ನ ತಕರಾರು ಅವರೊಬ್ಬರ ಮೇಲಲ್ಲ, ಚರ್ಮದ ಸೀಟು ಅನ್ನೋದರ ಮೇಲೇನೇ.

ಸೈಕಲ್ ಯಾವ್ದು ಅಂತ ಕೇಳ್ತೀರಿ ಅಂತ ಗೊತ್ತು. ಹಳೇ ಅಟ್ಲಾಸ್, ಕರಿ ಸೈಕಲ್, 28 ಇಂಚಿನ ಗಾಲಿ, ರಾಡ್ ಬ್ರೇಕು, ಕೊಪ್ಪದ ಕಡೆ ಒಬ್ಬರ ಕೊಟ್ಟಿಗೇಲಿ ಹುಲ್ಲಿನ ಅಡಿ ಬಿದ್ದಿತ್ತು, ಗುಜರಿ ರೇಟಿಗೆ ತಂದೆ. ಅಟ್ಲಾಸ್‌ನೋರ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ಕ್ಕೆ, ಅದೂ ವಿಶ್ವ ಸೈಕಲ್ ದಿನದ ದಿವ್ಸಾನೇ, ಕೆಲಸ ನಿಲ್ಲಿಸ್ತು ನೆನಪಿರಬೇಕು. ಆದ್ರೂ ಸಾಮಾನಿಗೆ ತೊಂದ್ರೆ ಇಲ್ಲ, ಕರಿ ಸೈಕಲ್‌ಗಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ, ಲೂಧಿಯಾನದ ಮಾಲು ನಮ್ಮೂರ ಶಾಪಿಗೂ ಬರುತ್ತೆ. ಏರು ಹತ್ತೋಕೆ ಹಗುರ ಆಗ್ಲಿ ಅಂತ ಹಿಂದಿನ ಫ್ರೀವೀಲ್, ಅಂದ್ರೆ ಹಿಂದಿನ ಗಾಲಿಯ ಹಲ್ಲುಚಕ್ರ, 18 ಹಲ್ಲಿಂದು ತೆಗ್ದು 22ರದ್ದು ಹಾಕಿಸಿದೆ, ಮುಂದೆ 44 ಹಾಗೇ ಇದೆ, ಅಂದ್ರೆ ಪೆಡಲ್ ಒಂದು ಸುತ್ತು ಬಂದ್ರೆ ಗಾಲಿ ಸರಿಯಾಗಿ ಎರಡು ಸುತ್ತು. ಮೊದಲು ಎರಡೂವರೆ ಹತ್ರ ಇತ್ತು. ಇಳಿಜಾರಲ್ಲಿ ಕಾಲು ಸುಮ್ನೆ ಗಾಳೀಲಿ ಆಡುತ್ತೆ, ಸಪಾಟು ರೋಡಲ್ಲಿ ಸ್ಕೂಲ್ ಮಕ್ಕಳೂ ಹಿಂದೆ ಹಾಕಿ ಹೋಗ್ತಾರೆ, ಆದ್ರೆ ನಮ್ಮಲ್ಲಿ ಸಪಾಟು ರೋಡು ಎಲ್ಲಿದೆ ಹೇಳಿ.

ಆಮೇಲೆ ಶೋಕಿ. ಲಾರಿಗೆ ನಂಬರ್ ಬರಿಯೋ ಪೇಂಟರ್ ಒಬ್ಬರ ಹತ್ರ ಫ್ರೇಮಿಗೂ ಮಡ್ಗಾರ್ಡಿಗೂ ಚಿನ್ನದ ಬಣ್ಣದ ಗೆರೆ ಎಳೆಸಿದೆ, ಸ್ಕೇಲು ಗೀಲು ಏನಿಲ್ಲ, ಕಿರುಬೆರಳು ಪೈಪಿಗೆ ಆನಿಸ್ಕೊಂಡು ಉಸಿರು ಹಿಡ್ಕೊಂಡು ಒಂದೇ ಎಳೆತ. ಎರಡೂ ಗಾಲಿಯ ನಡುವಿನ ಹಬ್ಬಿಗೆ ಆ ಬಣ್ಣಬಣ್ಣದ ಕುಚ್ಚಿನ ರಿಂಗ್ ಹಾಕಿದೀನಿ, 80ರ ದಶಕದಲ್ಲಿ ಎಲ್ಲರ ಸೈಕಲ್ಲಲ್ಲೂ ಇತ್ತಲ್ಲ, ಗಾಲಿ ತಿರುಗಿದ ಹಾಗೆ ಹಬ್ಬನ್ನ ತಾನೇ ಉಜ್ಜಿ ಹೊಳೆಸೋದು, ಅದೇ. ಡೈನಮೋ ಲೈಟು ಇದೆ, ಹತ್ತಿಸಿದ್ರೆ ಗಾಲಿ ಭಾರ ಆಗುತ್ತೆ, ನಿಲ್ಸಿದ್ರೆ ಲೈಟೂ ನಿಲ್ಲುತ್ತೆ, ಆದ್ರೂ ಇದೆ. ಇಷ್ಟೆಲ್ಲ ಮಾಡಿ ಮೇಲೆ ರೆಕ್ಸಿನ್ ಸೀಟು ಇದ್ರೆ ಹೇಗೆ? ಅಲ್ಲಿಂದ ಶುರುವಾಯ್ತು ಚರ್ಮದ ಹುಚ್ಚು.

ಇಂಗ್ಲೆಂಡಿನ ಬ್ರೂಕ್ಸ್ ಗೊತ್ತಿರುತ್ತೆ ಎಲ್ಲರಿಗೂ. 1866ರಲ್ಲಿ ಬರ್ಮಿಂಗ್‌ಹ್ಯಾಮಲ್ಲಿ ಕುದುರೆ ಸಾಮಾನು ಮಾಡ್ಕೊಂಡು ಶುರು ಮಾಡಿದೋರು, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ತಗೊಂಡ್ರು, ಇವತ್ತು ಯಾರು ಚರ್ಮದ ಸೀಟು ಮಾಡಿದ್ರೂ ಅದೇ ದಾರಿ. ಅವರ ಅಸಲಿ ಸೀಟಿನ ರೇಟಿಗೆ ನಮ್ಮಲ್ಲಿ ಇಡೀ ಸೈಕಲ್ಲೇ ಬರುತ್ತೆ, ಅಡಿಕೆ ಮಂಡೀಲಿ ಲೆಕ್ಕ ಬರಿಯೋನಿಗೆ ಅದು ದೂರದ ಮಾತು. ನನ್ನದು ಅವರ ಬಿ66 ಮಾದರಿ ನೋಡಿ ಇಲ್ಲೇ ಮಾಡಿದ್ದು, ಎರಡೂವರೆ ಸಾವಿರದೊಳಗೆ ಬಂತು. ಎಲ್ಲರೂ ಹೊಗಳೋ ಬಿ17 ಥರದ್ದು ಯಾಕೆ ತಗೊಳ್ಳಲಿಲ್ಲ ಅಂದ್ರೆ ಅದು ಮುಂದಕ್ಕೆ ಬಗ್ಗಿ ಓಡ್ಸೋರಿಗೆ. ಕರಿ ಸೈಕಲ್ಲಲ್ಲಿ ಬೆನ್ನು ನೆಟ್ಟಗಿರುತ್ತೆ, ಮೈಭಾರ ಎಲ್ಲ ಸೀಟಿನ ಮೇಲೇ, ಹಿಂದೆ ಎರಡು ಸ್ಪ್ರಿಂಗು ಇರ್ಲೇಬೇಕು, ಅಗಲಾನೂ ಬೇಕು. ಇದನ್ನ ನೋಡ್ದೆ ಚೆಂದ ಇದೆ ಅಂತ ತೆಳ್ಳಗಿನ ಸೀಟು ಹಾಕಿಸ್ಕೊಂಡು ಆಮೇಲೆ ಕುಂಡೆ ನೋವು ಅಂತ ಬೈಯೋರನ್ನ ಬೇಕಾದಷ್ಟು ನೋಡಿದೀನಿ.

ಕೂತ್ಕೊಳೋ ಸುಖ ಹೇಳ್ಬೇಕು ಅಂದ್ರೆ, ಇದರೊಳಗೆ ಸ್ಪಂಜು ಇಲ್ಲ, ಫೋಮ್ ಇಲ್ಲ, ಏನೂ ಇಲ್ಲ. ದಪ್ಪ ಚರ್ಮದ ಒಂದೇ ತುಂಡನ್ನ ಹಿಂದಿನ ಕಬ್ಬಿಣದ ಪಟ್ಟಿಗೂ ಮುಂದಿನ ಮೂತಿಗೂ ತಾಮ್ರದ ರಿವೆಟ್ ಹೊಡೆದು ಎಳೆದು ಕಟ್ಟಿರ್ತಾರೆ, ನೀವು ಕೂರೋದು ಜೋಲಿ ಮೇಲೆ ಕೂತ ಹಾಗೇನೇ. ತೊಗಟೆ ಹಾಕಿ ಹದ ಮಾಡಿದ ಚರ್ಮ ಆಗಿರ್ಬೇಕು ಅದು, ನಮ್ಮ ಕಡೆ ಹಿಂದೆ ತಂಗಡಿ ತೊಗಟೆ, ಅಳಲೆಕಾಯಿ ಎಲ್ಲ ಹಾಕ್ತಿದ್ರಲ್ಲ ಆ ಥರ. ಅಂಥ ಚರ್ಮ ಮಾತ್ರ ಮೈಬಿಸಿಗೆ, ಬೆವರಿಗೆ ನಿಧಾನಕ್ಕೆ ಬಗ್ಗಿ ಕೂರೋರ ಮೂಳೆ ಎಲ್ಲಿ ಬೀಳುತ್ತೋ ಅಲ್ಲಿ ಸಣ್ಣ ಗುಳಿ ಮಾಡ್ಕೊಳ್ಳುತ್ತೆ. ಮೊದಮೊದಲು ಹಲಗೆ ಮೇಲೆ ಕೂತ ಅನುಭವ, ಸುಳ್ಳು ಹೇಳಲ್ಲ. ಬೇಸಿಗೆ ಮುಗಿಯೋ ಹೊತ್ತಿಗೆ ಎರಡು ಗುಳಿ ಬಿತ್ತು ನೋಡಿ, ಎಡದ್ದು ಬಲಕ್ಕಿಂತ ಸ್ವಲ್ಪ ಆಳ, ನಾನು ಓರೆಯಾಗಿ ಕೂರ್ತೀನಿ ಅಂತ ಗೊತ್ತಾಗಿದ್ದೇ ಆಗ. ಈಗ ತಮ್ಮ ಕೂತ್ರೆ ಅವನಿಗೆ ಚುಚ್ಚುತ್ತಂತೆ, ಕೇಳಿ ಒಳಗೊಳಗೇ ಖುಷಿ ಆಗುತ್ತೆ ನಂಗೆ.

ಬೆಳಿಗ್ಗೆ ಹೊರಡೋ ಮುಂಚೆ ಒಂದು ಪದ್ಧತಿ ಮಾಡ್ಕೊಂಡಿದೀನಿ, ಹಳೇ ಪಂಚೆ ತುಂಡಿದೆ, ಅದರಲ್ಲಿ ಸೀಟಿನ ಮೂತಿಯಿಂದ ಹಿಂದಕ್ಕೆ ಒಂದು ಸಲ, ಅಂಚಿಗೆ ಒಂದು ಸಲ, ರಿವೆಟ್ಟಿನ ಸುತ್ತ ಉಗುರಲ್ಲಿ ಬಟ್ಟೆ ಒತ್ತಿ, ಆಮೇಲೆ ಬೆಲ್ ಒರೆಸಿ ಒಂದು ಸಲ ಕಿಣಿ ಕಿಣಿ. ಅಷ್ಟರಲ್ಲಿ ಅಮ್ಮ ಒಳಗಿಂದ "ಪೂಜೆ ಆಯ್ತಾ? ಬುತ್ತಿ ತಣ್ಣಗಾಯ್ತು" ಅಂತ ಕೂಗ್ತಾರೆ.

ಭಾನುವಾರ ನಾವೊಂದಷ್ಟು ಜನ ಕುಪ್ಪಳಿ ಕಡೆ ಹೋಗ್ತೀವಿ. ಹೋಗೋದು ಅಂದ್ರೆ ಓಡ್ಸೋದು ಕಮ್ಮಿ, ನಿಲ್ಸಿ ತೋರ್ಸೋದು ಜಾಸ್ತಿ. ಕವಿಶೈಲದ ಏರಲ್ಲಿ ನಾನು ಇಳಿದು ತಳ್ತೀನಿ, ನಾಚಿಕೆ ಏನಿಲ್ಲ. ಹೋಟೆಲ್ ಮುಂದೆ ಗೋಡೆಗೆ ಒರಗಿಸೋಕೂ ರೂಲ್ಸ್ ಇದೆ ನಮ್ಮಲ್ಲಿ, ಚೈನ್ ಇರೋ ಮಗ್ಗುಲು ಫೋಟೋಗೆ ಕಾಣ್ಬೇಕು, ಪೆಡಲ್ ಮುಂದಕ್ಕೆ ನೇರ, ಟ್ಯೂಬಿನ ವಾಲ್ವು ಕೆಳಗೆ. ಒಬ್ಬ ಗೆಳೆಯ ಸಾಗರದಿಂದ ಹ್ಯಾಂಡಲ್ಲಿಗೆ ಬೀಟೆ ಮರದ ಹಿಡಿ ಕಡೆಸ್ಕೊಂಡು ಬಂದಿದಾನೆ, ಫರ್ನಿಚರಿನ ಚೂರಲ್ಲಿ ಮಾಡಿದ್ದು, ಮಳೇಲಿ ಕೈ ಜಾರುತ್ತೆ ಅಂತ ಅವನೇ ಒಪ್ಕೊಳ್ತಾನೆ, ಆದ್ರೆ ತೆಗಿಯಲ್ಲ. ಇನ್ನೊಬ್ಬರ ಕಾರ್ಬನ್ ಸೈಕಲ್ಲು ಲಕ್ಷದ ಮೇಲಿಂದು, ಎರಡು ಬೆರಳಲ್ಲಿ ಎತ್ಬೋದು. ತಮಾಷೆ ಏನಂದ್ರೆ ಹೋಟೆಲಿಗೆ ಬಂದ ಹಿರಿಯರು ಯಾರೂ ಅದನ್ನ ತಿರುಗಿ ನೋಡಲ್ಲ, ಸೀದಾ ನನ್ನ ಸೈಕಲ್ ಹತ್ರ ಬಂದು ಸೀಟಿಗೆ ಹೆಬ್ಬೆರಳು ಒತ್ತಿ, "ಎಂತ ಮಾರಾಯಾ, ಇದು ಚರ್ಮದ್ದಲ್ವನಾ? ಎಲ್ಲಿ ಸಿಕ್ತು?" ಅಂತಾರೆ. ಕಾರ್ಬನ್ನಿನೋರ ಮುಖ ನೋಡ್ಬೇಕು ಆಗ. ಕೊಟ್ಟ ದುಡ್ಡಲ್ಲಿ ಅರ್ಧ ಅಲ್ಲೇ ವಸೂಲಿ.

ಇಲ್ಲಿಗೇ ನಿಲ್ಸಿದ್ರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಮುಗಿಸ್ಬೋದಿತ್ತು. ಆದ್ರೆ ಜೂನ್ ಬರುತ್ತಲ್ಲ.

ಆಗುಂಬೆ ನಮ್ಮ ತಾಲೂಕಲ್ಲೇ ಇರೋದು, ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಸುರಿಯೋ ಊರು. ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬ ನೀರು ಬಿಡುತ್ತೆ, ಪುಸ್ತಕ, ಬೆಲ್ಟು, ಮದ್ದಳೆ ಯಾವುದನ್ನೂ ಬೂಷ್ಟು ಬಿಡಲ್ಲ. ಸೀಟಿನ ಮೇಲ್ಮೈಗೆ ಪಾಲಿಶ್ ಇರುತ್ತೆ, ನೀರು ಜಾರಿ ಹೋಗುತ್ತೆ. ಅಡಿ ಮೈ ಹಾಗಲ್ಲ, ಅದು ಪಾಲಿಶ್ ಕಾಣದ ಚರ್ಮದ ಒಳಮೈ, ಜುಂಗು ಜುಂಗಾಗಿ, ಹಿಂದಿನ ಗಾಲಿ ಎರಚಿದ ನೀರನ್ನ ಹೀರ್ಕೊಂಡು ಕೂರುತ್ತೆ. ಮಡ್ಗಾರ್ಡ್ ಇದ್ರೂ ಗಾಳಿಯ ತೇವ ಎಲ್ಲಿಗೆ ಹೋಗುತ್ತೆ? ಒದ್ದೆ ಚರ್ಮದ ಮೇಲೆ ಕೂತ್ರಂತೂ ಜೋತು ಬೀಳುತ್ತೆ, ಒಂದು ಸಲ ಎಳೆದು ಹೋದ್ರೆ ಮೊದಲಿನ ಥರ ಆಗಲ್ಲ. ಮೂತಿ ಕೆಳಗೆ ಬಿಗಿ ಮಾಡೋ ಬೋಲ್ಟು ಇದೆ ನಿಜ, ಅದನ್ನ ಸುಮ್ಸುಮ್ನೆ ತಿರುವ್ತಾ ಹೋದ್ರೆ ರಿವೆಟ್ ಹತ್ರ ಹರಿಯುತ್ತೆ. ಬೋಲ್ಟಿಗೆ ಕೈ ಹಾಕೋದು ಕಡೇ ಉಪಾಯ ಅಂತ ಇಟ್ಕೊಳಿ. ಇನ್ನು ಒದ್ದೆಯಾದ ಕ್ರೋಮ್ ರಿಮ್ಮಿಗೆ ರಾಡ್ ಬ್ರೇಕು ಹಿಡಿಯಲ್ಲ ಅನ್ನೋದು ಬೇರೆ ಕಥೆ, ತುಂಗಾ ಸೇತುವೆ ಕಡೆಗೆ ಇಳಿಯುವಾಗ ದೇವರೇ ಗತಿ.

ಬೂಷ್ಟಿನ ವಾಸನೆ ಒಂದು ಥರ ಇರುತ್ತೆ. ಒದ್ದೆ ಗೋಣಿಚೀಲದ್ದು. ಪ್ಯಾಂಟಿಗೂ ಹತ್ತುತ್ತೆ ಅದು, ಮಂಡೀಲಿ ಪಕ್ಕದಲ್ಲಿ ಕೂತೋರು ಮೂಗು ಮುಚ್ಕೊಳ್ಳೋದು ಗೊತ್ತಾಗುತ್ತೆ. ಸಿಟ್ಟು ಬಂದು ರೆಕ್ಸಿನ್ ಸೀಟೇ ವಾಪಸ್ ಹಾಕ್ಬಿಡಣ ಅನ್ನಿಸಿದ್ದೂ ಇದೆ, ಮಾರಿದೋರನ್ನ ಕೇಳಿದ್ರೆ "ಡ್ರೈ ಪ್ಲೇಸಲ್ಲಿ ಇಡಿ ಸರ್" ಅಂದ್ರು. ಜುಲೈನಲ್ಲಿ ಮಲೆನಾಡಲ್ಲಿ ಡ್ರೈ ಪ್ಲೇಸ್ ಯಾವ್ದು, ತೋರ್ಸಿ ಪುಣ್ಯ ಕಟ್ಕೊಳಿ ಸ್ವಾಮಿ ಅಂದೆ, ಫೋನ್ ಇಟ್ರು.

ನಮ್ಮನೇಲಿ ಅಂಥ ಜಾಗ ಒಂದೇ, ಬಚ್ಚಲ ಒಲೆ ಪಕ್ಕ. ಹೊಗೆ ಆಡೋ ಕಡೆ ಬೂಷ್ಟು ಬರಲ್ಲ. ಪಾನ ಹಿಡಿದು ಕ್ಲಿಪ್ ಸಡ್ಲ ಮಾಡಿದ್ರೆ ಸೀಟು ಕೈಗೇ ಬರುತ್ತೆ, ತಗೊಂಡು ಒಳಗೆ ಹೊರಟ್ರೆ ಅಮ್ಮ ಅಡ್ಡ. "ಚರ್ಮದ ಸಾಮಾನು ಜಗಲಿ ದಾಟಿ ಒಳಗೆ ಬರ್ಬಾರ್ದು ನೋಡು, ಚಪ್ಪಲಿ ಎಲ್ಲಿರುತ್ತೋ ಅಲ್ಲೇ ಇರ್ಲಿ ಅದೂ." ಒಂದಷ್ಟು ದಿನ ಜಗಳ ಆಯ್ತು, ಕೊನೆಗೆ ಅಜ್ಜಿ ತೀರ್ಪು ಕೊಟ್ರು: ಹಿತ್ತಲ ಬಾಗ್ಲಿಂದ ತಂದು ಬಚ್ಚಲಲ್ಲಿ ತೂಗಿ ಹಾಕ್ಬೋದು, ನಡುಮನೆ ಮೂಲಕ ಅಲ್ಲ. ಬೆಂಕಿಯಿಂದ ಎರಡು ಮಾರು ದೂರ ಇರ್ಲಿ ಮಾತ್ರ, ಹತ್ರ ಇಟ್ರೆ ಚರ್ಮ ಒಡೆಯುತ್ತೆ.

ಹಚ್ಚೋದರ ವಿಷ್ಯ. ಬ್ರೂಕ್ಸ್‌ನೋರ ಡಬ್ಬೀಲಿ ಬರೋ ಮುಲಾಮು ಒಳ್ಳೇದೇ, ಆದ್ರೆ ಅದರಲ್ಲಿ ಪ್ರಾಣಿ ಕೊಬ್ಬಿದೆ, ನಮ್ಮನೇಲಿ ಅದನ್ನ ಹೇಳಿದ್ರೆ ಸೀಟಿನ ಜೊತೆ ನಾನೂ ಹೊರಗೆ. ಶಾಪಿನ ಯಜಮಾನ್ರು ಕೊಬ್ಬರಿ ಎಣ್ಣೆ ಅಂದ್ರು, ದಯವಿಟ್ಟು ಬೇಡ, ಎಣ್ಣೆ ಜಾಸ್ತಿ ಕುಡಿದ್ರೆ ಚರ್ಮ ಮೆತ್ತಗಾಗಿ ಜೋಲುತ್ತೆ, ಬೂಷ್ಟಿಗೂ ಊಟ ಹಾಕಿದ ಹಾಗೆ. ನಾನು ಮಾಡೋದು ಇಷ್ಟೇ: ಜೇನುಮೇಣಕ್ಕೆ ಸ್ವಲ್ಪ ಹರಳೆಣ್ಣೆ ಸೇರ್ಸಿ ಬಿಸಿನೀರಿನ ಪಾತ್ರೆ ಒಳಗೆ ಬಟ್ಟಲಿಟ್ಟು ಕರಗಿಸೋದು, ಆರಿ ಗಟ್ಟಿಯಾದ್ಮೇಲೆ ಹೆಬ್ಬೆರಳಲ್ಲಿ ತಗೊಂಡು ಅಡಿಭಾಗಕ್ಕೆ ತೆಳ್ಳಗೆ ತಿಕ್ಕೋದು. ಮೇಲೆ ವರ್ಷಕ್ಕೊಂದು ಸಲ ಸಾಕು. ಬೂಷ್ಟು ಆಗ್ಲೇ ಬಂದಿದ್ರೆ ಮೊದಲು ಒಣ ಬ್ರಶ್ಶಲ್ಲಿ, ಮನೆ ಹೊರಗೆ, ಉಜ್ಜಿ ತೆಗೀಬೇಕು, ಅದರ ಮೇಲೇ ಮೇಣ ಹಚ್ಚಿದ್ರೆ ಒಳಗೇ ಬೆಳೆಯುತ್ತೆ.

ಆದ್ರೆ ನಿಜವಾಗಿ ಬಚಾವ್ ಮಾಡಿದ್ದು ಅಡಿಕೆ ಹಾಳೆ. ಮಂಡಿ ಮುಂದೆ ನಿಲ್ಸಿದಾಗ ಎಲ್ಲರ ಥರ ಪ್ಲಾಸ್ಟಿಕ್ ಕವರ್ ಕಟ್ತಿದ್ದೆ, ಮಳೆ ತಡೆಯುತ್ತೆ, ಒಳಗಿನ ಬೆವರನ್ನೂ ಹಿಡಿದಿಡುತ್ತೆ. ತೋಟಕ್ಕೆ ಬರೋ ಒಬ್ಬರು ಇದನ್ನ ನೋಡಿ ತಲೆ ಚಚ್ಕೊಂಡ್ರು, "ಎಂತಕ್ಕೆ ಅದಕ್ಕೆ ಉಸಿರು ಕಟ್ಸೋದು ಅಯ್ಯಾ" ಅಂತ ಹೇಳಿ ಒಂದು ಅಗಲದ ಹಾಳೆ ನೀರಲ್ಲಿ ನೆನೆಹಾಕಿ, ಹಳೇ ರೆಕ್ಸಿನ್ ಸೀಟನ್ನೇ ಅಚ್ಚು ಮಾಡ್ಕೊಂಡು ಅದರ ಮೇಲೆ ಮಗುಚಿ, ಹಿಂದಿನ ಎರಡು ಕಿವಿ ಮಡಚಿ ಹೊಲಿದು ಒಣಗೋಕೆ ಬಿಟ್ರು. ಹಾಳೆ ಟೋಪಿ ಕಟ್ಟಿ ಪಳಗಿದ ಕೈ ಅದು. ಒಣಗಿದ್ಮೇಲೆ ಗಟ್ಟಿ ಚಿಪ್ಪು, ಮಳೆ ಹನಿ ಪಟಪಟ ಅಂತ ಬಿದ್ದು ಅಂಚಲ್ಲಿ ಇಳಿದು ಹೋಗುತ್ತೆ, ಚರ್ಮಕ್ಕೂ ಹಾಳೆಗೂ ಮಧ್ಯ ಬೆರಳು ತೂರೋಷ್ಟು ಜಾಗ ಇರೋದ್ರಿಂದ ಗಾಳಿ ಆಡುತ್ತೆ. ಓಡ್ಸುವಾಗ ತೆಗ್ದು ಕ್ಯಾರಿಯರಿಗೆ ಸಿಕ್ಸೋದು. ಒಂದು ಮಳೆಗಾಲ ಬರುತ್ತೆ, ಮುಂದಿನ ವರ್ಷಕ್ಕೆ ಇನ್ನೊಂದು ಹಾಳೆ, ಖರ್ಚು ಸೊನ್ನೆ. ಬೂಷ್ಟು ಪೂರ್ತಿ ನಿಂತಿದೆ ಅನ್ನಲ್ಲ, ರಿವೆಟ್ಟಿನ ಸಂದೀಲಿ ಇನ್ನೂ ಸ್ವಲ್ಪ ಕಾಣುತ್ತೆ, ಆದ್ರೆ ವಾಸನೆ ಹೋಗಿದೆ. ಈಗ ಭಾನುವಾರ ಬಂದೋರು ಸೀಟು ಬಿಟ್ಟು ಹಾಳೆ ಫೋಟೋ ತೆಗಿತಾರೆ. ಬೀಟೆ ಮರದ ಹಿಡಿ ಹಾಕಿಸಿರೋ ಗೆಳೆಯ ತನಗೂ ಒಂದು ಮಾಡ್ಸಿಕೊಡು ಅಂತ ಗಂಟು ಬಿದ್ದಿದಾನೆ, ಅವನ ಸೀಟು ಪ್ಲಾಸ್ಟಿಕ್ಕು, ಅವಶ್ಯಕತೆ ಇಲ್ಲ, ಆದ್ರೂ ಬೇಕಂತೆ.

ಸ್ಟಾರ್ ಕೇಳಿದ್ರೆ ಚಿತ್ರದುರ್ಗ, ಬಳ್ಳಾರಿ ಕಡೆಯೋರಿಗೆ ನಾಲ್ಕೂವರೆ, ಕಣ್ಮುಚ್ಚಿ ತಗೊಳಿ. ಮಲೆನಾಡು, ಕರಾವಳಿಯೋರಿಗೆ ಮೂರು, ಅದೂ ದಿನಾ ಓಡ್ಸೋರಿಗೆ ಮಾತ್ರ, ಶೆಡ್ಡಲ್ಲಿ ನಿಲ್ಸಿ ಮರೆಯೋರಿಗೆ ಒಂದೂ ಇಲ್ಲ. ಬೇಸಿಗೆ ಶುರುವಲ್ಲೇ ತಗೊಳಿ, ಮಳೆ ಬರೋ ಮುಂಚೆ ಚರ್ಮ ಮೈಗೆ ಹೊಂದ್ಕೊಂಡಿರುತ್ತೆ. ಮೂತಿ ಬೋಲ್ಟಿನ ಪಾನ ಸೀಟಿನ ಜೊತೇಲೇ ಬರುತ್ತಾ ಅಂತ ಆರ್ಡರ್ ಹಾಕೋ ಮುಂಚೆ ಕೇಳಿ, ನನಗೆ ಬರ್ಲಿಲ್ಲ, ಆ ಸಣ್ಣ ಜಾಗಕ್ಕೆ ಮಾಮೂಲಿ ಪಾನ ತೂರಲ್ಲ, ಶಾಪಿನ ಯಜಮಾನ್ರು ಒಂದು ಹಳೇ ಪಾನವನ್ನ ಉಜ್ಜಿ ತೆಳ್ಳಗೆ ಮಾಡಿ ಕೊಟ್ರು, ಐವತ್ತು ರೂಪಾಯಿ ತಗೊಂಡ್ರು.