‘ಮೈಸೂರ್ ಲ್ಯಾನ್ಸರ್ಸ್’ ಎಂದು ಕೊರೆದ ರಿವಾಲ್ವರ್ ಕಂಡರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಇಂಗ್ಲೆಂಡಿನಲ್ಲಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯ ಹಿರಿಯರು ಯಾರಾದರೂ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದವರಾದರೆ ತಪ್ಪದೆ ಓದಿ. ಹಳೆಯ ಸೇನಾ ಸಾಮಾನುಗಳ ಮೇಳವೊಂದರಲ್ಲಿ ಹೋದ ವರ್ಷ ನನ್ನ 900 ಪೌಂಡ್ ಹೋಯಿತು.

ನನ್ನ ಮುತ್ತಜ್ಜ ಆ ಪಡೆಯಲ್ಲಿ ಸವಾರರಾಗಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯ ಜೊತೆಗೂಡಿ ತುರ್ಕರ ಕೈಯಿಂದ ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಪಡೆ ಅದು. ಮೇಳದ ಮೇಜೊಂದರ ಮೇಲೆ ನಿಷ್ಕ್ರಿಯಗೊಳಿಸಿದ, ಅಂದರೆ ಇನ್ನು ಗುಂಡು ಹಾರದಂತೆ ಮಾಡಿದ, ವೆಬ್ಲಿ ಮಾರ್ಕ್ 6 ರಿವಾಲ್ವರ್ ಇತ್ತು. ಹಿಡಿಯ ಹಿಂಬದಿಯ ಉಕ್ಕಿನ ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮೈಸೂರ್ ಲ್ಯಾನ್ಸರ್ಸ್, ಹೈಫಾ, 1918’ ಎಂದಿತ್ತು. ಕೈಗೆತ್ತಿಕೊಂಡೆ. ಒಂದು ಕಿಲೋಗೂ ಮಿಕ್ಕಿದ ಭಾರ. ಕಣ್ಣು ತುಂಬಿ ಬಂತು. ಆಮೇಲೆ ಅದರ ಮೇಲಿನ ಬೇರೆ ಯಾವ ಗುರುತನ್ನೂ ನಾನು ನೋಡಲಿಲ್ಲ. ನಗದು ಕೊಟ್ಟೆ, ರಸೀದಿ ಕೇಳಲಿಲ್ಲ.

ಅನುಮಾನ ಹುಟ್ಟಿದ್ದು ಮೈಸೂರಿನಲ್ಲಿರುವ ನನ್ನ ಸೋದರತ್ತೆಯಿಂದ. ಮುತ್ತಜ್ಜನ ಯುದ್ಧದ ಪದಕ ಅವರ ಹತ್ತಿರ ಇದೆ. ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕನ್ನಡಕ ಹಾಕಿಕೊಂಡು ಪದಕದ ಅಂಚನ್ನು ಓದಿದರು. “ಇಲ್ಲಿ ಮೈಸೂರು ಅಂತ ಇದೆ ಕಣಪ್ಪಾ, ಆಮೇಲೆ ಐ, ಎಸ್ ಅಂತ ಎರಡು ಅಕ್ಷರ. ಅದೇನು?” ಅದು ‘ಇಂಪೀರಿಯಲ್ ಸರ್ವಿಸ್’, ಬ್ರಿಟಿಷರ ನೆರವಿಗೆಂದು ಸಂಸ್ಥಾನಗಳು ಇಟ್ಟಿದ್ದ ಪಡೆಗಳ ಹೆಸರು. ಆಗ ಆ ಪಡೆಯ ಪೂರ್ತಿ ಹೆಸರೇ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್. ಸೇನೆಯವರು ಆಯುಧದ ಮೇಲೂ ಪಡೆಯ ಹೆಸರನ್ನು ಹೀಗೆ ಮೊಟಕು ಮಾಡಿ, ಪುಟ್ಟ ಅಕ್ಷರಗಳಲ್ಲಿ ಒತ್ತುತ್ತಿದ್ದರು. ಉಗ್ರಾಣದ ಲೆಕ್ಕಕ್ಕಾಗಿ ಹಾಕುವ ಗುರುತಿನಲ್ಲಿ ಗೆದ್ದ ಊರಿನ ಹೆಸರು ಏಕೆ ಬರುತ್ತದೆ?

ಆ ರಾತ್ರಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕೂತೆ. ಸುತ್ತಿಗೆಯಿಂದ ಅಚ್ಚು ಹೊಡೆದರೆ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಸಣ್ಣಗೆ ಉಬ್ಬುತ್ತದೆ. ಇಲ್ಲಿ ಉಬ್ಬೇ ಇರಲಿಲ್ಲ. ಅಕ್ಷರದ ತಳದಲ್ಲಿ ತಿರುಗುವ ಯಂತ್ರ ಬಿಟ್ಟುಹೋದ ಅಲೆಯಂಥ ಗೀರುಗಳಿದ್ದವು. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಕಪ್ಪು ಕಿತ್ತು ಬಂತು, ಕೆಳಗೆ ಹೊಸ ಉಕ್ಕು ಫಳಫಳ ಹೊಳೆಯಿತು. ಸುತ್ತಲಿನ ಪಟ್ಟಿ ಮಾತ್ರ ಕೈಯಾಡಿ ಸವೆದು ಮಂಕಾಗಿತ್ತು. ನೂರು ವರ್ಷ ಹಳೆಯ ಅಕ್ಷರವಾಗಿದ್ದರೆ ಅದೂ ಪಟ್ಟಿಯ ಜೊತೆಯಲ್ಲೇ ಸವೆಯಬೇಕಿತ್ತು.

ಇನ್ನು ಇಸವಿ. ಮಾರ್ಕ್ 6 ಸೇನೆಗೆ ಬಂದದ್ದು 1915ರಲ್ಲಿ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿ 1921ರವರೆಗೆ ಮಾಡಿತು. ಅಲ್ಲಿಂದ 1926ರವರೆಗೆ ಮಾಡಿದ್ದು ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆ. ಯಾರು ಮಾಡಿದರು, ಯಾವ ವರ್ಷ ಎಂಬುದನ್ನು ಫ್ರೇಮಿನ, ಅಂದರೆ ರಿವಾಲ್ವರಿನ ಉಕ್ಕಿನ ಚೌಕಟ್ಟಿನ, ಮೇಲೆ ಒತ್ತಿರುತ್ತಾರೆ. ನನ್ನದರಲ್ಲಿ ಆ ಜಾಗ ನುಣ್ಣಗಿತ್ತು. ಸವೆದಿರಬೇಕು ಎಂದುಕೊಂಡಿದ್ದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟಾಗ ಅಲ್ಲಿ ತಗ್ಗು ಕಂಡಿತು. ಯಾರೋ ಉಜ್ಜಿ ತೆಗೆದಿದ್ದರು. ಆದರೂ ‘ಎನ್‌ಫೀಲ್ಡ್’ ಹೆಸರಿನ ಕೊನೆಯ ಎರಡು ಅಕ್ಷರಗಳು, ಅದರ ಕೆಳಗೆ ‘23’ ಎಂಬ ಅಂಕಿಗಳ ನೆರಳು ಉಳಿದಿತ್ತು. 1923ರ ರಿವಾಲ್ವರ್ 1918ರ ಹೈಫಾದಲ್ಲಿ ಇರಲು ಸಾಧ್ಯವಿಲ್ಲ. ಗುಂಡು ತುಂಬುವ, ತಿರುಗುವ ಸಿಲಿಂಡರಿನ ನಂಬರಿಗೂ ಫ್ರೇಮಿನ ನಂಬರಿಗೂ ತಾಳೆಯಾಗಲಿಲ್ಲ. ‘ಬಾಣದ ಗುರುತು ಇದೆ ನೋಡಿ’ ಎಂದು ಮಾರಿದವನು ಒತ್ತಿ ಒತ್ತಿ ಹೇಳಿದ್ದ. ಆ ಬಾಣ ಹೇಳುವುದು ಬ್ರಿಟಿಷ್ ಸರ್ಕಾರದ ಸ್ವತ್ತು ಎಂದಷ್ಟೇ. ಯಾವ ಪಡೆ, ಯಾವ ಯುದ್ಧ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅಷ್ಟಕ್ಕೂ ಲ್ಯಾನ್ಸರ್ ಸವಾರನ ಆಯುಧ ಭರ್ಜಿ, ಕತ್ತಿ, ರೈಫಲ್. ರಿವಾಲ್ವರ್ ಇರುತ್ತಿದ್ದದ್ದು ಅಧಿಕಾರಿಯ ಸೊಂಟದಲ್ಲಿ. ಇದು ನನಗೆ ಮೊದಲೇ ಗೊತ್ತಿತ್ತು. ಆ ಹೆಸರು ಕಂಡ ಕ್ಷಣದಲ್ಲಿ ಮರೆತೇಹೋಯಿತು.

ದುಡ್ಡಿಗಿಂತ ದೊಡ್ಡ ತೊಂದರೆ ಕಾನೂನಿನದು. ರಿವಾಲ್ವರಿನ ಜೊತೆ ಕೊಟ್ಟ ಲಕೋಟೆಯಲ್ಲಿದ್ದ, ಅದನ್ನು ನಿಷ್ಕ್ರಿಯಗೊಳಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ 1990ರ ದಶಕದ್ದು. ಇಲ್ಲಿ 2016ರ ಏಪ್ರಿಲ್‌ನಲ್ಲಿ ಹೊಸ ಮಾನದಂಡ ಬಂತು. ಹಳೆಯ ರೀತಿಯಲ್ಲಿ ನಿಷ್ಕ್ರಿಯಗೊಳಿಸಿದ್ದನ್ನು ಇದ್ದವರು ಇಟ್ಟುಕೊಳ್ಳಬಹುದು. ಹೊಸ ಮಾನದಂಡಕ್ಕೆ ತಕ್ಕಂತೆ ಮತ್ತೆ ಮಾಡಿಸಿ, ಬಂದೂಕುಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಪ್ರೂಫ್ ಹೌಸಿನ ಸರ್ಟಿಫಿಕೇಟ್ ಪಡೆಯದೆ ಅದನ್ನು ಮಾರುವುದಾಗಲಿ, ಉಡುಗೊರೆ ಕೊಡುವುದಾಗಲಿ ಅಪರಾಧ. ಅಂದರೆ ನನಗೆ ಮಾರಿದ್ದೇ ತಪ್ಪು. ಪೊಲೀಸರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಮಾರಿದವನ ಫೋನು ಈಗ ಹತ್ತುವುದಿಲ್ಲ.

ಮೇಳಕ್ಕೆ ಹೋಗುವವರು ಭೂತಗನ್ನಡಿ, ಸಣ್ಣ ಟಾರ್ಚು ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಸರ್ಟಿಫಿಕೇಟಿನ ತಾರೀಖು ನೋಡಿ, ಆಮೇಲೆ ಫ್ರೇಮಿನ ಇಸವಿ, ಆಮೇಲೆ ನಂಬರುಗಳು. ಪಡೆಯ ಹೆಸರನ್ನು ಕೊನೆಗೆ ಓದಿ. ಅಂಥದೇ ಅಕ್ಷರಗಳನ್ನು ಕೊರೆದ ಇನ್ನೊಂದು ರಿವಾಲ್ವರ್ ಅದೇ ಮೇಜಿನ ಮೇಲಿತ್ತು. ಅದು ಈಗ ಯಾರ ಮನೆಯಲ್ಲಿದೆಯೋ.