ಕೊಡಗಿನ ರಸ್ತೆಯಲ್ಲಿ ಅಗ್ಗದ ಏರೋ ಚಕ್ರ: ಎರಡು ಮಳೆಗಾಲಗಳ ನಂತರ

ಸುಂಟಿಕೊಪ್ಪದ ನಮ್ಮ ಮನೆಯಿಂದ ಸೈಕಲ್ ಹೊರಟರೆ ಹೆದ್ದಾರಿಯಲ್ಲಿ ಎರಡೇ ದಿಕ್ಕು. ಒಂದು ಕಡೆ ಹತ್ತುತ್ತ ಹೋದರೆ ಮಡಿಕೇರಿ, ಇನ್ನೊಂದು ಕಡೆ ಇಳಿಯುತ್ತ ಹೋದರೆ ಕುಶಾಲನಗರ. ಅಲ್ಲಿ ಕಾವೇರಿಯ ಸೇತುವೆ ದಾಟಿದರೆ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆಗೆ ರಸ್ತೆ ಸಾಕಷ್ಟು ಸಮತಟ್ಟಾಗುತ್ತದೆ. ಆ ಸಮತಟ್ಟಿನ ಆಸೆಗೆ ಬಿದ್ದೇ ನಾನು ಎರಡು ವರ್ಷದ ಹಿಂದೆ ಟಯರ್ ಕೂರುವ ಹೊರಬಳೆ, ಅಂದರೆ ರಿಮ್, ಗಾಳಿಯನ್ನು ಸೀಳಲೆಂದು ಒಳಮುಖವಾಗಿ 50 ಮಿ.ಮೀ. ಆಳವಿರುವ ಕಾರ್ಬನ್ ಚಕ್ರಗಳ ಜೋಡಿಯೊಂದನ್ನು ಚೀನಾದಿಂದ ತರಿಸಿಕೊಂಡೆ. ಸಾಗಣೆ, ಸುಂಕ ಎಲ್ಲ ಸೇರಿ 52,000 ರೂಪಾಯಿ ಆಯಿತು. ಹೆಸರಾಂತ ಕಂಪನಿಗಳ ಇಂಥದ್ದೇ ಚಕ್ರಗಳಿಗೆ ಒಂದೂವರೆ ಲಕ್ಷ ಕೊಡಬೇಕಾಗಿರುವಾಗ ಇದು ಅಗ್ಗವೇ ಸರಿ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳುವ ದೂರುಗಳು ಈ ಬೆಲೆಯ ಅನೇಕ ಚಕ್ರಗಳಿಗೆ ಅನ್ವಯಿಸುತ್ತವೆ.

ಚಕ್ರ ಬಂದ ದಿನವೇ ಕರಿಮೆಣಸು ತೂಗುವ ಮಾಪಕದ ಮೇಲಿಟ್ಟು ನೋಡಿದೆ. ಕಾಗದದಲ್ಲಿ 1,480 ಗ್ರಾಂ ಎಂದಿದ್ದದ್ದು ಮಾಪಕದಲ್ಲಿ 1,530 ಗ್ರಾಂ ತೂಗಿತು. ಐವತ್ತು ಗ್ರಾಂನ ವ್ಯತ್ಯಾಸಕ್ಕೆ ಜಗಳ ಮಾಡುವ ಅಗತ್ಯವಿಲ್ಲ. ಸೈಕಲ್‌ನ ಜೊತೆಗೇ ಬಂದಿದ್ದ ಅಲ್ಯೂಮಿನಿಯಂ ಚಕ್ರಗಳು 1,850 ಗ್ರಾಂ ಇದ್ದುದರಿಂದ ಹೇಗೂ 320 ಗ್ರಾಂ ಉಳಿತಾಯವಾಗಿತ್ತು. ನಾನು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 82 ಕೆ.ಜಿ. ಆಗುತ್ತೇವೆ. ಭಾಗಮಂಡಲದಿಂದ ತಲಕಾವೇರಿಗೆ ಏರುವ ಎಂಟು ಕಿ.ಮೀ.ಗೆ ನನಗೆ ನಲವತ್ತು ನಿಮಿಷ ಬೇಕು. ಲೆಕ್ಕ ಹಾಕಿದರೆ ಈ 320 ಗ್ರಾಂ ಉಳಿಸಿಕೊಡುವುದು ಒಂಬತ್ತೋ ಹತ್ತೋ ಸೆಕೆಂಡು. ಮೇಲೆ ತಲುಪಿ ಬಾಟಲಿಯ ಮುಚ್ಚಳ ತೆಗೆಯುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ.

ಆಳವಾದ ರಿಮ್‌ನ ನಿಜವಾದ ಕೆಲಸ ತೂಕ ಇಳಿಸುವುದಲ್ಲ, ಗಾಳಿಯನ್ನು ಸೀಳುವುದು. ಟಯರನ್ನು ದಾಟಿ ಬಂದ ಗಾಳಿ ಚದುರಿ ಸುಳಿಯಾಗದೆ ರಿಮ್‌ನ ಮೈಗೆ ಅಂಟಿಕೊಂಡೇ ಹಿಂದಕ್ಕೆ ಜಾರಬೇಕು. ಅದಕ್ಕಾಗಿ ರಿಮ್‌ನ ಹೊರ ಅಗಲ ಟಯರಿನ ಅಗಲಕ್ಕಿಂತ ನೂರಕ್ಕೆ ಐದರಷ್ಟಾದರೂ ಹೆಚ್ಚಿರಬೇಕು ಎಂಬ ನಿಯಮವೊಂದಿದೆ. ನನ್ನ ರಿಮ್‌ನ ಹೊರ ಅಗಲ 28 ಮಿ.ಮೀ., ಅದರ ಮೇಲೆ ಕುಳಿತ 28ರ ಟಯರ್ ಗಾಳಿ ತುಂಬಿದ ಮೇಲೆ ಅಳೆದರೆ 29 ಮಿ.ಮೀ. ಅಂದರೆ ನಾನು ಹಣ ಕೊಟ್ಟು ತಂದ ಆಕಾರದ ಪ್ರಯೋಜನ ಪೂರ್ತಿಯಾಗಿ ನನಗೆ ಸಿಗುತ್ತಲೇ ಇಲ್ಲ. 25ರ ಟಯರ್ ಹಾಕಿದರೆ ಸಿಕ್ಕೀತು, ಆದರೆ ನಮ್ಮ ರಸ್ತೆಗಳಲ್ಲಿ 25ರ ಟಯರಿನ ಮೇಲೆ ಕುಳಿತು ಹೋಗುವ ವಯಸ್ಸು ನನ್ನದಲ್ಲ.

ಗಾಳಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾರಾಟಗಾರರು ಮುಚ್ಚಿಡುವುದು ಇದನ್ನೇ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಗಂಟೆಗೆ 45 ಕಿ.ಮೀ. ವೇಗದಲ್ಲಿ 15 ವ್ಯಾಟ್ ಉಳಿತಾಯ ಎಂದು ಜಾಹೀರಾತು ಹೇಳಿದರೆ, ಅದೇ ಚಕ್ರ 30 ಕಿ.ಮೀ. ವೇಗದಲ್ಲಿ ಉಳಿಸುವುದು ನಾಲ್ಕೂವರೆ ವ್ಯಾಟ್ ಮಾತ್ರ. ನಾನು ಪಿರಿಯಾಪಟ್ಟಣದ ದಾರಿಯಲ್ಲಿ ಒಬ್ಬನೇ ಹೋಗುವಾಗ ಇರುವುದೇ 30ರ ಆಸುಪಾಸಿನಲ್ಲಿ. ಹಳೆಯ ಮತ್ತು ಹೊಸ ಚಕ್ರಗಳನ್ನು ಬದಲಿಸಿ ಬದಲಿಸಿ, ಅದೇ ಟಯರ್ ಹಾಕಿ, ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಪೆಡಲನ್ನು ಗೆಳೆಯರೊಬ್ಬರಿಂದ ಎರವಲು ಪಡೆದು ನಾಲ್ಕು ಭಾನುವಾರ ಅಳೆದು ನೋಡಿದ್ದೇನೆ. ಗಂಟೆಗೆ 0.3 ಕಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಒಮ್ಮೆಯೂ ಕಂಡಿಲ್ಲ, ಅದರಲ್ಲೂ ಆ ದಿನದ ಗಾಳಿಯ ಪಾಲೆಷ್ಟು ಚಕ್ರದ ಪಾಲೆಷ್ಟು ಎಂದು ಬೇರ್ಪಡಿಸುವುದು ನನ್ನಂಥವನಿಂದ ಆಗುವ ಕೆಲಸವಲ್ಲ. ಇನ್ನು ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ, ಗಂಟೆಗೆ 12 ಕಿ.ಮೀ. ವೇಗದಲ್ಲಿ, ನನ್ನ ತೂಕವನ್ನು ಮೇಲಕ್ಕೆತ್ತಲು ಸುಮಾರು 130 ವ್ಯಾಟ್ ಹೋಗುತ್ತದೆ, ಗಾಳಿಗೆ ಹೋಗುವುದು ಏಳೆಂಟು ವ್ಯಾಟ್. ಅದರಲ್ಲಿಯೂ ಬಹುಪಾಲು ನನ್ನ ಮೈಗೆ ತಗಲುವ ಗಾಳಿಯದು. ಹತ್ತುವಾಗ ಏರೋ ಚಕ್ರ ಒಂದು ಅಲಂಕಾರ.

ಇದೇ ಲೆಕ್ಕದಲ್ಲಿ ಟಯರಿನದು ಬೇರೆಯೇ ಕಥೆ. ದಪ್ಪ ರಬ್ಬರಿನ, ಪಂಕ್ಚರ್ ತಡೆಯುವ ಗಡಸು ಟಯರನ್ನು ತೆಗೆದು ಒಳ್ಳೆಯ ಮೆತ್ತನೆಯ ರೇಸಿಂಗ್ ಟಯರ್ ಹಾಕಿದರೆ 30 ಕಿ.ಮೀ. ವೇಗದಲ್ಲಿ ನನ್ನ ತೂಕದವರಿಗೆ ಹದಿನೈದು ವ್ಯಾಟ್‌ನ ಹತ್ತಿರ ಉಳಿಯುತ್ತದೆ. ಅದಕ್ಕೆ ಖರ್ಚು ಚಕ್ರಕ್ಕೆ ಕೊಟ್ಟದ್ದರ ಐದನೆಯ ಒಂದು ಭಾಗವೂ ಇಲ್ಲ. ನಾನು ಮೊದಲು ಚಕ್ರ ಕೊಂಡು ಆಮೇಲೆ ಟಯರ್ ಬದಲಿಸಿದೆ. ಬುದ್ಧಿವಂತರು ತಿರುಗಿಸಿ ಮಾಡುತ್ತಾರೆ.

ಆದರೂ ಸಮತಟ್ಟಿನಲ್ಲಿ ಈ ಚಕ್ರಗಳು ಕೊಡುವ ಖುಷಿಯನ್ನು ನಿರಾಕರಿಸಲಾರೆ. ನಾಲ್ಕೈದು ಜನ ಸಾಲಾಗಿ 38, 40ರಲ್ಲಿ ಹೋಗುವಾಗ ಸರದಿಯಂತೆ ಮುಂದೆ ಬಂದರೆ ಚಕ್ರ ತಾನಾಗಿ ಓಡುವಂತೆ ಅನಿಸುತ್ತದೆ, ಟೊಳ್ಳು ರಿಮ್‌ನಿಂದ ಹೊಮ್ಮುವ ಆ ತಗ್ಗು ದನಿಯ ಗುಂಯ್‌ಗುಡುವಿಕೆಯೂ ಚೆನ್ನಾಗಿರುತ್ತದೆ. ತೊಂದರೆ ಇರುವುದು ಅಡ್ಡಗಾಳಿಯಲ್ಲಿ. ಕೊಡಗಿನ ರಸ್ತೆಗಳಲ್ಲಿ ತೋಟದ ಬೇಲಿ ಮತ್ತು ಸಿಲ್ವರ್ ಓಕ್ ಸಾಲು ಇರುವವರೆಗೆ ಗಾಳಿಯೇ ಇಲ್ಲವೆನ್ನಿಸುತ್ತದೆ. ಸಾಲು ತಟ್ಟನೆ ಮುಗಿದು ಗದ್ದೆಯ ಬಯಲು ತೆರೆದುಕೊಂಡ ಕಡೆ, ಜೂನ್ ತಿಂಗಳ ಗಾಳಿ ಪಕ್ಕದಿಂದ ಬಂದು ಮುಂದಿನ ಚಕ್ರವನ್ನು ಕೈಯಿಂದ ಹಿಡಿದು ತಿರುಗಿಸಿದಂತೆ ತಿರುಗಿಸುತ್ತದೆ. ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗುವಾಗ ಒಮ್ಮೆ ನಾನು ರಸ್ತೆಯ ಎಡ ಅಂಚಿನಿಂದ ಮಧ್ಯದ ಬಿಳಿ ಗೆರೆಯವರೆಗೆ ಒಂದೇ ಏಟಿಗೆ ಸರಿದುಹೋದೆ. ಹಿಂದೆ ಬರುತ್ತಿದ್ದ ಜೀಪಿನವರು ಹಾರ್ನ್ ಹೊಡೆದದ್ದು ನ್ಯಾಯವಾಗಿಯೇ ಇತ್ತು. ಹಿಂದಿನ ಚಕ್ರಕ್ಕೆ ಇದೇ ಗಾಳಿ ತಗಲಿದರೆ ಸೈಕಲ್ ಸ್ವಲ್ಪ ವಾಲುತ್ತದೆ, ಅಷ್ಟೇ, ಏಕೆಂದರೆ ಹಿಂದಿನ ಚಕ್ರ ಹ್ಯಾಂಡಲ್ ಜೊತೆ ತಿರುಗುವುದಿಲ್ಲ. ಹಿಂದೆ 50 ಇದ್ದರೂ ಮುಂದೆ 35ರಿಂದ 40 ಮಿ.ಮೀ. ದಾಟಬಾರದು ಎಂಬುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ. ಅಂದಹಾಗೆ, ವೃತ್ತಿಪರರ ರಸ್ತೆ ರೇಸ್‌ಗಳಿಗೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2026ರಿಂದ ರಿಮ್‌ನ ಆಳಕ್ಕೆ 65 ಮಿ.ಮೀ. ಮಿತಿ ಹಾಕಿದೆ.

ಈಗ ಮಳೆಯ ವಿಷಯ. ಕೊಳ್ಳುವ ಮೊದಲು ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಕಕ್ಕಡ ಮಾಸದ ಮಳೆಯ ಪ್ರಸ್ತಾಪ ಇರಲಿಲ್ಲ, ಇರುವುದಾದರೂ ಹೇಗೆ? ಮೊದಲ ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಹಿಂದಿನ ಚಕ್ರದ ನಡುವಿನ ಹಬ್‌ನಿಂದ ರಾಗಿ ಬೀಸಿದಂಥ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಗ್ರೀಸ್ ಇರಬೇಕಾದ ಕಡೆ ಕೆಮ್ಮಣ್ಣಿನ ಗೊಜ್ಜು. ಬೇರಿಂಗಿನ ರಬ್ಬರ್ ಮುಚ್ಚಳದ ಮೇಲೆ 6902 ಎಂದು ಬರೆದಿತ್ತು. ಇದೊಂದು ಪುಣ್ಯ, ಏಕೆಂದರೆ ಅದು ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಇರುವ, ಯಂತ್ರಗಳಲ್ಲಿ ಎಲ್ಲೆಡೆ ಬಳಸುವ ಸಾಮಾನ್ಯ ಅಳತೆ. ಮೈಸೂರಿನ ಬೇರಿಂಗ್ ಅಂಗಡಿಯೊಂದರಲ್ಲಿ ಸೈಕಲ್ ಎಂಬ ಮಾತೇ ಎತ್ತದೆ ಸಂಖ್ಯೆ ಹೇಳಿ ತಂದೆ. ಚಕ್ರ ಮಾರಿದವರಿಗೆ ಬರೆದಾಗ ಬಂದ ಉತ್ತರ ಮಾತ್ರ ವಿಚಿತ್ರವಾಗಿತ್ತು: ಇಡೀ ಚಕ್ರವನ್ನು ನನ್ನ ಖರ್ಚಿನಲ್ಲಿ ವಾಪಸು ಕಳಿಸಬೇಕಂತೆ. ಸಾಗಣೆಯ ಹಣದಲ್ಲಿ ಅಂಥ ಬೇರಿಂಗ್ ಬುಟ್ಟಿ ತುಂಬ ಬರುತ್ತವೆ.

ಎರಡನೆಯ ಪೆಟ್ಟು ಬೋಯಿಕೇರಿಯ ಹತ್ತಿರ. ನೀರು ತುಂಬಿದ ಗುಂಡಿಗೆ ಹಿಂದಿನ ಚಕ್ರ ಬಿದ್ದು ಟಣ್ ಎಂದು ಕಡ್ಡಿಯೊಂದು ತುಂಡಾಯಿತು. 24 ಕಡ್ಡಿಗಳ ಚಕ್ರದಲ್ಲಿ ಒಂದು ಹೋದರೆ ಉಳಿದವು ಎಳೆದು ರಿಮ್ ಕೂಡಲೇ ಬೆಂಡಾಗುತ್ತದೆ. ಕುಶಾಲನಗರದಲ್ಲಿ ನನಗೆ ಚಿಕ್ಕಂದಿನಿಂದಲೂ ಗೊತ್ತಿರುವ ಸೈಕಲ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ತುಂಡಾದ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿ ಹೊರಳಿಸಿ ನೋಡಿದರು. ಚಪ್ಪಟೆಯಾಗಿ, ದಪ್ಪದಲ್ಲಿ ಒಂದು ಮಿ.ಮೀ. ಕೂಡ ಇಲ್ಲದ, ಹಬ್‌ಗೆ ಸಿಕ್ಕಿಸುವ ತುದಿಯೂ ಬಾಗದೆ ನೇರವಾಗಿರುವ ಕಡ್ಡಿ. "ಸಾರ್, ಇದಕ್ಕೆ ಕುತ್ತಿಗೆನೇ ಇಲ್ವಲ್ಲ. ನಮ್ಮ ಹತ್ರ ಇರೋದೆಲ್ಲ ಕುತ್ತಿಗೆ ಬಗ್ಗಿರೋ ಕಡ್ಡಿ," ಎಂದರು. ಆಮೇಲೆ ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಿಪ್ಪಲ್ ಎಂಬ ಪುಟ್ಟ ತಿರುಪು ಎಲ್ಲಿದೆ ಎಂದು ಹುಡುಕಿದರು. ಗಾಳಿಗೆ ಅಡ್ಡ ಬರಬಾರದೆಂದು ಅದನ್ನು ರಿಮ್‌ನ ಒಳಗೆ ಅಡಗಿಸಿಟ್ಟಿದ್ದಾರೆ. ಬೆಂಡ್ ತೆಗೆಯಲು ಕಾಲು ಸುತ್ತು ತಿರುಗಿಸಬೇಕಾದರೂ ಟಯರ್ ಬಿಚ್ಚಿ, ಒಳಗಿನ ಪಂಕ್ಚರ್ ಮುಚ್ಚುವ ಬಿಳಿ ಸೀಲಂಟ್ ದ್ರವ ಚೆಲ್ಲಿ, ರಿಮ್‌ನ ಟೇಪ್ ಕಿತ್ತು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಹೊಸದಾಗಿ ಮಾಡಬೇಕು. ಹೀಗೆ ಅಡಗಿದ್ದ ಅಲ್ಯೂಮಿನಿಯಂ ನಿಪ್ಪಲ್‌ಗಳ ಪೈಕಿ ಎರಡು ಆಗಲೇ ಬಿಳಿ ಪುಡಿಯಾಗಿದ್ದವು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಒಂದಕ್ಕೊಂದು ತಗಲಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುವುದು ಸಹಜ. ಹಿತ್ತಾಳೆಯದಾಗಿದ್ದರೆ ಕೆಲವು ಗ್ರಾಂ ತೂಕ ಹೆಚ್ಚುತ್ತಿತ್ತು, ಬಾಳಿಕೆ ಬರುತ್ತಿತ್ತು. ಕಡ್ಡಿ ತರಿಸಿಕೊಳ್ಳಲು ಇಪ್ಪತ್ತಮೂರು ದಿನ ಹಿಡಿಯಿತು. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ವಾರದಲ್ಲಿ ಚಕ್ರ ಮತ್ತೆ ಸೈಕಲ್ ಸೇರಿತು.

ರಿಮ್‌ನ ಬಗ್ಗೆ ದೂರಿಲ್ಲ ಎಂಬುದನ್ನೂ ಹೇಳಬೇಕು. ಆ ಗುಂಡಿಯ ಹೊಡೆತಕ್ಕೆ ಕಾರ್ಬನ್ ಸೀಳಲಿಲ್ಲ, ಅಂಚು ಚಕ್ಕೆ ಏಳಲಿಲ್ಲ. ಎರಡು ವರ್ಷದಲ್ಲಿ ಸುಮಾರು ಒಂಬತ್ತು ಸಾವಿರ ಕಿ.ಮೀ. ಓಡಿದೆ. ಅಗ್ಗದ ಕಾರ್ಬನ್ ಎಂದರೆ ಒಡೆದೇ ಹೋಗುತ್ತದೆ ಎಂಬ ಭಯ ನನ್ನ ಮಟ್ಟಿಗೆ ಸುಳ್ಳಾಯಿತು. ಹಣ ಉಳಿಸಲು ಕೈ ಬಿಗಿ ಹಿಡಿದದ್ದು ರಿಮ್‌ನಲ್ಲಲ್ಲ, ಹಬ್‌ನಲ್ಲಿ.

ಇದೆಲ್ಲ ಡಿಸ್ಕ್ ಬ್ರೇಕ್ ಇರುವ ಸೈಕಲ್‌ನ ಮಾತು. ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇರುವವರಿಗೆ ಈ ಜಿಲ್ಲೆಯಲ್ಲಿ ಅಗ್ಗದ ಕಾರ್ಬನ್ ಚಕ್ರವನ್ನು ನಾನು ಶಿಫಾರಸು ಮಾಡುವುದೇ ಇಲ್ಲ. 85 ಕೆ.ಜಿ. ಭಾರ 500 ಮೀಟರ್ ಎತ್ತರದಿಂದ ಇಳಿದರೆ ನಾಲ್ಕು ಲಕ್ಷ ಜೂಲ್‌ಗೂ ಹೆಚ್ಚು ಶಕ್ತಿ ಎಲ್ಲಾದರೂ ಕರಗಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಸಂಪಾಜೆ ಘಾಟಿಯಂಥ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವುದರಿಂದ ಅದರ ದೊಡ್ಡ ಪಾಲು ರಿಮ್‌ಗೇ ಹೋಗುತ್ತದೆ. ಕಾರ್ಬನ್ ನಾರುಗಳನ್ನು ಹಿಡಿದಿಟ್ಟಿರುವ ರೆಸಿನ್ ಒಂದು ಹಂತದ ಬಿಸಿ ದಾಟಿದರೆ ಮೆದುವಾಗಿ, ಟಯರಿನ ಒತ್ತಡಕ್ಕೆ ರಿಮ್‌ನ ಅಂಚು ಹೊರಕ್ಕೆ ಉಬ್ಬುತ್ತದೆ. ಮೇಲಾಗಿ ಒದ್ದೆಯಾದ ಕಾರ್ಬನ್ ಮೇಲೆ ಬ್ರೇಕ್ ಹಿಡಿಯುವುದೇ ತಡವಾಗಿ. ಅಂಥವರಿಗೆ 30 ಮಿ.ಮೀ. ಆಸುಪಾಸಿನ ಅಲ್ಯೂಮಿನಿಯಂ ರಿಮ್ ಸಾಕು. ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಸಿಗುತ್ತದೆ, ಊರಿನ ಅಂಗಡಿಯಲ್ಲೇ ರಿಪೇರಿಯೂ ಆಗುತ್ತದೆ.

ಡಿಸ್ಕ್ ಸೈಕಲ್ ಇದ್ದು ಕೊಳ್ಳಲೇಬೇಕು ಎನ್ನುವವರು ಹಣ ಕಳಿಸುವ ಮೊದಲು ಆಳಕ್ಕಿಂತ ಹೆಚ್ಚಾಗಿ ಹಬ್ ಮತ್ತು ಕಡ್ಡಿಗಳ ಬಗ್ಗೆ ವಿಚಾರಿಸಬೇಕು. ಬೇರಿಂಗಿನ ಸಂಖ್ಯೆ ಏನು, ಕುತ್ತಿಗೆ ಬಾಗಿದ ಕಡ್ಡಿಯ ಹಬ್ ಕೊಡುತ್ತಾರೆಯೇ, ನಿಪ್ಪಲ್ ಹಿತ್ತಾಳೆಯದೇ, ಅದು ರಿಮ್‌ನ ಹೊರಗೆ ಕಾಣುತ್ತದೆಯೇ, ನಾಲ್ಕು ಕಡ್ಡಿಗಳನ್ನು ಜೊತೆಗೇ ಕಳಿಸುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ತೈವಾನಿನ ನೋವಾಟೆಕ್ ಹಬ್, ಬೆಲ್ಜಿಯಂನ ಸೇಪಿಮ್ ಕಡ್ಡಿಯಂಥ ಪರಿಚಿತ ಭಾಗಗಳಿಗೆ ಕೆಲವು ಸಾವಿರ ಹೆಚ್ಚು ಕೇಳಿದರೆ ಕೊಡಬಹುದು. ಜಪಾನಿನ ಶಿಮಾನೊ ರಸ್ತೆ ಸೈಕಲ್ ಬಿಡಿಭಾಗಗಳ ತನ್ನ 105 ಸರಣಿಯ ಜೊತೆಗೆ 32 ಮತ್ತು 46 ಮಿ.ಮೀ. ಆಳದ ಕಾರ್ಬನ್ ಚಕ್ರಗಳನ್ನು ಮಾರುತ್ತದೆ. ಸ್ವಲ್ಪ ಭಾರ, ಆದರೆ ಬಿಡಿಭಾಗಕ್ಕೆ ಸಮುದ್ರ ದಾಟಬೇಕಾಗಿಲ್ಲ. ರಿಮ್‌ನ ಒಳ ಅಂಚಿಗೆ ಟಯರನ್ನು ಹಿಡಿಯುವ ಕೊಕ್ಕೆ ಇರುವುದನ್ನೇ ಆರಿಸಿ. ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್‌ಗಳಿಗೆ 5 ಬಾರ್, ಅಂದರೆ 72.5 ಪಿಎಸ್‌ಐ ಗರಿಷ್ಠ ಮಿತಿ, ಅದಕ್ಕೆಂದೇ ಒಪ್ಪಿಗೆ ಪಡೆದ ಟಯರ್ ಮಾತ್ರ ಹಾಕಬೇಕು. ಗೇಜ್ ಕೆಟ್ಟ ಪಂಪಿನಲ್ಲಿ ಅಂದಾಜಿನ ಮೇಲೆ ಗಾಳಿ ತುಂಬುವ ನಮಗೆ ಅದು ಒಗ್ಗುವುದಿಲ್ಲ.

ಕಳೆದ ನವೆಂಬರಿನಲ್ಲಿ ಗೆಳೆಯರ ಬಳಿ ಇದ್ದ 38 ಮಿ.ಮೀ. ಆಳದ ಮುಂದಿನ ಚಕ್ರವೊಂದನ್ನು ಕೊಂಡು ಹಾಕಿಕೊಂಡೆ. ಹಿಂದೆ ಅದೇ 50, ಹೊಸ ಬೇರಿಂಗ್, ಹಿತ್ತಾಳೆಯ ನಿಪ್ಪಲ್. ಗದ್ದೆಯ ಬಯಲು ಬಂದಾಗ ಈಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಕಾಗಿಲ್ಲ, ವೇಗದಲ್ಲಿ ನನಗೆ ತಿಳಿಯುವಷ್ಟು ಕಡಿಮೆಯೂ ಆಗಿಲ್ಲ. ಮುಂದಿನ 50 ಮಿ.ಮೀ. ಚಕ್ರ ಅಟ್ಟದ ಮೇಲೆ ಖಾಲಿ ಕಾಫಿ ಚೀಲಗಳ ಪಕ್ಕದಲ್ಲಿದೆ. ಸ್ಥಿತಿ ಚೆನ್ನಾಗಿದೆ, ಬೇರಿಂಗ್ ಬದಲಿಸಿದ್ದೇನೆ. ಬಯಲುಸೀಮೆಯ ಯಾರಾದರೂ ಕೇಳಿದರೆ ಅರ್ಧ ಬೆಲೆಗೆ ಕೊಡುತ್ತೇನೆ, ಕೊಡಗಿನವರು ಕೇಳಿದರೆ ಮೊದಲು ಒಂದು ಸುತ್ತು ಪೊನ್ನಂಪೇಟೆಗೆ ಹೋಗಿ ಬರಲು ಹೇಳುತ್ತೇನೆ.